ಹಿಂದಿನ ಸೀಟಿನ ವಾಸನೆ

ಆ ಮಂಗಳವಾರ ಬೆಳಿಗ್ಗೆ ನಾನು ಮಾಡಿದ್ದು ಎಲ್ಲ ಮಂಗಳವಾರ ಮಾಡುತ್ತಿದ್ದುದನ್ನೇ. ಐದೂವರೆಗೆ ಎದ್ದು ಹಾಲು ಕಾಯಿಸಿದೆ. ನೆನೆಹಾಕಿದ್ದ ಹೆಸರುಕಾಳಿನ ನೀರು ಬಸಿದೆ. ಕುಕ್ಕರಿನ ರಬ್ಬರು ತೊಳೆದು ಮೂಗಿಗೆ ಹಿಡಿದು ನೋಡಿದೆ. ಅದಕ್ಕೆ ಹಳೆಯ ಬೇಳೆಯ ವಾಸನೆ ಹತ್ತಿಕೊಂಡರೆ ಅನ್ನಕ್ಕೂ ಬರುತ್ತದೆ, ನನಗೆ ಅದು ಆಗುವುದಿಲ್ಲ. ನಾಲ್ಕು ಅಂತಸ್ತಿನ ಸ್ಟೀಲ್ ಡಬ್ಬಿಗೆ ಚಪಾತಿ, ಕಾಳಿನ ಪಲ್ಯ, ಅನ್ನ, ಸಾರು ತುಂಬಿದೆ. ಎರಡು ಚಪಾತಿ ಹೆಚ್ಚಿಗೆ, ಗ್ಯಾರೇಜಿನ ಬಾಷಾ ಮೇಸ್ತ್ರಿಗೆ. ಒಂಬತ್ತೂಕಾಲಿಗೆ ಬೀಗ ಹಾಕಿ ಮೆಟ್ಟಿಲು ಇಳಿಯುವಾಗ, ಎರಡನೇ ಮಹಡಿಯ ಗಿರಿಜಕ್ಕ ಬಾಗಿಲ ಬಳಿ ಮಣೆ ಹಾಕಿಕೊಂಡು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದರು.

"ಹೊಂಟ್ರೇನ್ರಿ, ಡಬ್ಬಿ ತಗೊಂಡು?"

"ಹೂಂ ಗಿರಿಜಕ್ಕ, ಹೊರಟೆ."

ಗಿರಿಜಕ್ಕ ಹಾವೇರಿ ಕಡೆಯವರು. ಅವರ ಯಜಮಾನರು ಪೀಣ್ಯದ ಒಂದು ಕಾರ್ಖಾನೆಯಲ್ಲಿ ಎಂಜಿನಿಯರು. ನಮ್ಮ ಕಟ್ಟಡಕ್ಕೆ ಬಂದ ದಿನದಿಂದ ಗಿರಿಜಕ್ಕ ಇದೇ ಪ್ರಶ್ನೆ ಕೇಳುತ್ತಿದ್ದರು, ನಾನು ಇದೇ ಉತ್ತರ ಕೊಡುತ್ತಿದ್ದೆ.

ಟಿ. ದಾಸರಹಳ್ಳಿಯ ನಮ್ಮ ಮನೆಯಿಂದ ಗ್ಯಾರೇಜಿಗೆ ಹನ್ನೆರಡು ನಿಮಿಷದ ನಡಿಗೆ. ಗ್ಯಾರೇಜು ನಮ್ಮದೇ, ಅಂದರೆ ನಮ್ಮ ಯಜಮಾನರದು. ಅಲ್ಲಿ ಇಪ್ಪತ್ತಮೂರು ವರ್ಷ ನಾನು ಮಾಡಿದ ಕೆಲಸಕ್ಕೆ ಈಗ ಸರ್ವಿಸ್ ಅಡ್ವೈಸರ್ ಎಂಬ ಹೆಸರಿದೆ, ಕುತ್ತಿಗೆಗೆ ಗುರುತಿನ ಚೀಟಿ ಇದೆ, ಕೈಗೆ ಟ್ಯಾಬ್ ಇದೆ. ನನಗೆ ಇದ್ದದ್ದು ಒಂದು ಮೇಜು, ಒಂದು ಕುರ್ಚಿ ಮತ್ತು ಜಾಬ್ ಕಾರ್ಡಿನ ಪುಸ್ತಕ. ಬಂದ ಗಾಡಿಯ ನಂಬರು, ಓಡಿದ ಕಿಲೋಮೀಟರು, ಗಿರಾಕಿ ಹೇಳುವ ತೊಂದರೆ, ಇಷ್ಟನ್ನೂ ಬರೆದು ಮೇಸ್ತ್ರಿಗೆ ಕೊಡಬೇಕು. ಬ್ಯಾಂಕಿನ ಅರ್ಜಿಯಿಂದ ಹಿಡಿದು ರೇಷನ್ ಕಾರ್ಡಿನವರೆಗೆ, ಉದ್ಯೋಗ ಎಂದು ಕೇಳಿದ ಕಡೆಯಲ್ಲೆಲ್ಲ ನಾನು ಗೃಹಿಣಿ ಎಂದೇ ಬರೆದಿದ್ದೇನೆ. ಸುಳ್ಳೇನಲ್ಲ. ಅರ್ಧ ಸತ್ಯ.

ಈಗ ಗ್ಯಾರೇಜು ಬೇರೆಯವರ ಕೈಗೆ ಹೋಗಿದೆ. ಈ ಕೆಲಸಕ್ಕೆ ಹೊಸದಾಗಿ ಸೇರುತ್ತಿರುವ ಹೆಣ್ಣುಮಕ್ಕಳು ಒಬ್ಬಿಬ್ಬರು ನನ್ನನ್ನು ಹುಡುಕಿಕೊಂಡು ಬಂದು, "ಆಂಟಿ, ಏನಾದ್ರೂ ಟಿಪ್ಸ್ ಕೊಡಿ" ಎನ್ನುತ್ತಾರೆ. ಕೊಡಲು ನನ್ನ ಬಳಿ ಟಿಪ್ಸ್ ಇಲ್ಲ. ಇರುವುದು ಸಿಟ್ಟು. ಅದನ್ನೇ ಬರೆದಿಡುತ್ತಿದ್ದೇನೆ, ಉಪಯೋಗಕ್ಕೆ ಬಂದರೆ ಬರಲಿ.

ನಾನು ಕಾನ್ವೆಂಟಿನಲ್ಲಿ ಓದಿದವಳು. ಸಿಸ್ಟರುಗಳು ನಾಲ್ಕು ಗೆರೆಯ ಪುಸ್ತಕದಲ್ಲಿ ಅಕ್ಷರ ತಿದ್ದಿಸಿದರು, ಹೆಣ್ಣುಮಕ್ಕಳು ದನಿ ಎತ್ತಬಾರದೆಂದೂ ತಿದ್ದಿದರು. ಎರಡೂ ಗ್ಯಾರೇಜಿಗೆ ಬಹಳ ಉಪಯೋಗವಾಯಿತು. ಎರಡನೆಯದರಿಂದ ನನಗೆ ಯಾವ ಉಪಯೋಗವೂ ಆಗಲಿಲ್ಲ. ನಮ್ಮ ಯಜಮಾನರು ನಾಗರಾಜ್ ಒಳ್ಳೆಯ ಕೆಲಸಗಾರರು. ಎಂಜಿನ್ ಸದ್ದು ಕೇಳಿಯೇ ಎಷ್ಟನೇ ಸಿಲಿಂಡರು ಕೆಟ್ಟಿದೆ ಎಂದು ಹೇಳುತ್ತಿದ್ದರು. ಅವರದು ಕಿವಿ. ನನ್ನದು ಮೂಗು. ಗ್ಯಾರೇಜಿನಲ್ಲಿ ಕಿವಿಗೆ ಇದ್ದ ಮರ್ಯಾದೆ ಮೂಗಿಗೆ ಇರಲಿಲ್ಲ.

ಗಾಡಿಯ ವಾಸನೆಗಳೆಲ್ಲ ಅಡುಗೆಮನೆಯಲ್ಲೇ ಇವೆ. ಎಂಜಿನ್ ತಣ್ಣಗಿಡುವ ನೀರು ಸೋರಿದರೆ ಬೆಲ್ಲದ ಪಾಕ ತಳ ಹಿಡಿದ ವಾಸನೆ. ಕ್ಲಚ್ ಸವೆದರೆ ಸುಟ್ಟ ಕಾಗದ. ವೈರು ಕಾದರೆ ಕುಕ್ಕರಿನ ಹಿಡಿ ಒಲೆಗೆ ತಾಗಿದ ವಾಸನೆ. ಒಮ್ಮೆ ಒಂದು ಶಾಲೆಯ ವ್ಯಾನು ಬ್ರೇಕ್ ಸರಿಮಾಡಿಸಲು ಬಂದಿತ್ತು. ಪಕ್ಕದಲ್ಲಿ ಹಾದು ಹೋದ ನನಗೆ ಪಾಕದ ವಾಸನೆ ಬಂತು. ಹೇಳಿದೆ. ನೋಡಿದರೆ ಒಂದು ಪೈಪು ಬಿರುಕು ಬಿಟ್ಟಿತ್ತು. "ನಮ್ ಕಣ್ಣಿಗೆ ಬಿತ್ತು, ಇಲ್ದಿದ್ರೆ ದಾರೀಲಿ ನಿಂತ್ಬಿಡೋದು" ಎಂದು ಯಜಮಾನರು ಡ್ರೈವರಿಗೆ ಹೇಳಿದರು. ನಮ್ಮ ಕಣ್ಣು! ನಾನು ಮೇಜಿನಲ್ಲಿ ತಲೆ ತಗ್ಗಿಸಿ ಬಿಲ್ಲು ಬರೆದೆ, ದುಂಡು ಅಕ್ಷರದಲ್ಲಿ.

ಆದರೆ ನನ್ನಿಂದಲೂ ಒಂದು ತಪ್ಪಾಯಿತು. ಅದನ್ನು ಮುಚ್ಚಿಡುವುದಿಲ್ಲ, ಏಕೆಂದರೆ ಮುಂದಿನದಕ್ಕೆಲ್ಲ ಅದೇ ಮೂಲ. ಒಬ್ಬರು ಹೊಸ ಕಾರು ತಂದು ಸುಟ್ಟ ವಾಸನೆ ಬರುತ್ತಿದೆ ಎಂದರು. ನಾನು ಮೂಸಿ, ಇದು ವೈರೇ ಎಂದು ಖಂಡಿತವಾಗಿ ಹೇಳಿದೆ, ಕಾರ್ಡಿನಲ್ಲೂ ಹಾಗೇ ಬರೆದೆ. ಬಾಷಾ ಮೇಸ್ತ್ರಿ ಒಂದು ಇಡೀ ದಿನ ಡ್ಯಾಶ್‌ಬೋರ್ಡ್ ಬಿಚ್ಚಿ ಹಾಕಿಕೊಂಡು ಕೂತರು. ಸಂಜೆ ಗಾಡಿ ಮೇಲೆತ್ತಿ ನೋಡಿದರೆ ಸೈಲೆನ್ಸರಿಗೆ ಒಂದು ಹಾಲಿನ ಕವರು ಅಂಟಿಕೊಂಡು ಕರಗಿಹೋಗಿತ್ತು. ಬಾಷಾ ಅದನ್ನು ಇಕ್ಕಳದಲ್ಲಿ ಕಿತ್ತು ತಂದು ನನ್ನ ಮೇಜಿನ ಮೇಲಿಟ್ಟರು.

"ತಗೊಳ್ಳಿ ಮೇಡಂ, ನಿಮ್ಮ ವೈರು. ಅರ್ಧ ಲೀಟರಿಂದು."

ಎಲ್ಲರೂ ನಕ್ಕರು, ನಾನೂ ನಕ್ಕೆ. ಅಂದಿನಿಂದ ಯಾವ ವಾಸನೆಯ ಮಾತು ಬಂದರೂ, "ಮೇಡಂ, ನಂದಿನಿ ಹಾಲಿಂದಾ, ಬೇರೆ ಡೇರೀದಾ?" ಎಂದು ಕೇಳುವುದು ಗ್ಯಾರೇಜಿನ ಅಭ್ಯಾಸವಾಯಿತು. ನಾನು ಬಾಯಿ ಮುಚ್ಚಿಕೊಂಡೆ. ಒಂದು ಸಾರಿ ತಪ್ಪಾದ ಮಾತ್ರಕ್ಕೆ ಯಜಮಾನರ ಕಿವಿಯನ್ನು ಯಾರೂ ಹೀಗೆ ಆಡಿಕೊಂಡಿರಲಿಲ್ಲ. ಅವರ ಕಿವಿಯೂ ತಪ್ಪಿದ್ದುಂಟು, ಆ ಕಾರ್ಡುಗಳೂ ನನ್ನ ಕೈಯಲ್ಲೇ ಬರೆದವು.

ಕೆಂಪು ಕಾರು ಬಂದದ್ದು ಇದಾದ ಮೇಲೆ.

ಅದು ಬರುವ ಮೊದಲೇ ಸದ್ದು ಬಂತು. ಎದುರಿನ ಬೇಕರಿಯವರು ಗಾಜಿನ ಜಾಡಿ ಹಿಡಿದುಕೊಂಡರು. ಗಾಡಿಯವರು ವಿನಯ್, ಮೂವತ್ತೈದರ ಒಳಗಿನವರು. ಮಾದನಾಯಕನಹಳ್ಳಿಯ ಹೊಸ ಅಪಾರ್ಟ್‌ಮೆಂಟಿನಲ್ಲಿ ಮನೆ. ಕಾರಿಗೆ ವೈಟ್‌ಫೀಲ್ಡ್ ಕಡೆ ಒಂದು ಅಂಗಡಿಯಲ್ಲಿ 'ಮಾಡಿಫೈ' ಮಾಡಿಸಿದ್ದರು. ಹಾಗೆಂದರೇನು ಎಂದು ಸರಳವಾಗಿ ಹೇಳಿಬಿಡುತ್ತೇನೆ. ಎಂಜಿನ್‌ನಿಂದ ಹೊರಡುವ ಹೊಗೆಯನ್ನು ಶುದ್ಧ ಮಾಡಲು ಕಂಪನಿಯವರು ಕೊಳವೆಯ ನಡುವೆ ಒಂದು ಡಬ್ಬಿ ಇಟ್ಟಿರುತ್ತಾರೆ. ಅದನ್ನು ಕಿತ್ತು ಖಾಲಿ ಕೊಳವೆ ಹಾಕುತ್ತಾರೆ. ಎಂಜಿನ್ನಿನ ಕಂಪ್ಯೂಟರಿಗೆ ಹೊಸ ಲೆಕ್ಕ ಹೇಳಿಕೊಟ್ಟು ಪೆಟ್ರೋಲ್ ಜಾಸ್ತಿ ಕುಡಿಸುತ್ತಾರೆ. ಡಬ್ಬಿ ಇಲ್ಲ ಎಂದು ಕಂಪ್ಯೂಟರು ದೂರು ಹೇಳದ ಹಾಗೆ ಅದರ ಬಾಯಿಯನ್ನೂ ಕಟ್ಟುತ್ತಾರೆ. ಗಾಡಿ ಹಾರುತ್ತದೆ, ಗುಡುಗುತ್ತದೆ. ಕಂಪನಿಯ ಶೋರೂಮಿನವರು ಇಂಥ ಗಾಡಿಯನ್ನು ಮುಟ್ಟುವುದಿಲ್ಲ. ಮಾಡಿಕೊಟ್ಟವರು ಎಲ್ಲ ಸರಿಯಿದೆ ಎನ್ನುತ್ತಾರೆ. ಆಮೇಲೆ ನಮ್ಮಂಥವರ ಬಳಿ ಬರುತ್ತಾರೆ.

ವಿನಯ್ ಜೊತೆ ಅವರ ಹೆಂಡತಿ ಶ್ರುತಿ ಇದ್ದರು, ಐದು ವರ್ಷದ ಮಗಳು ಅನ್ವಿ ಇದ್ದಳು. ಮಾತಾಡಿದ್ದು ವಿನಯ್.

"ಕಾರೊಳಗೆ ಸ್ವಲ್ಪ ಎಕ್ಸಾಸ್ಟ್ ಸ್ಮೆಲ್ ಬರುತ್ತಂತೆ ಮೇಡಂ, ಇವಳದೊಂದು ಕಂಪ್ಲೇಂಟು. ನನಗೇನೂ ಬರಲ್ಲ. ಪರ್ಫಾರ್ಮೆನ್ಸ್ ಕಾರು ಅಂದ್ರೆ ಸ್ವಲ್ಪ ಸ್ಮೆಲ್ ಇರುತ್ತೆ, ಅಷ್ಟೇ."

"ಮಗು ವಾಂತಿ ಮಾಡ್ತಾಳೆ" ಎಂದರು ಶ್ರುತಿ. "ತಲೆನೋವು ಅಂತಾಳೆ."

"ಅದು ಕಾರ್ ಸಿಕ್‌ನೆಸ್ ಕಣೇ. ನನಗೂ ಚಿಕ್ಕವನಿದ್ದಾಗ ಇತ್ತು."

ನಾನು ಕಾರ್ಡಿನಲ್ಲಿ ಬರೆದುಕೊಂಡೆ: ಹೊಗೆಯ ವಾಸನೆ, ಮಗುವಿಗೆ ತಲೆನೋವು, ವಾಂತಿ. ಯಜಮಾನರು ಸ್ಕ್ಯಾನರ್ ಚುಚ್ಚಿ ನೋಡಿದರು. ಬಾಯಿ ಕಟ್ಟಿದ ಕಂಪ್ಯೂಟರು ಏನು ಹೇಳೀತು? ದೋಷ ಇಲ್ಲ ಎಂದಿತು. ಬಾಷಾ ಮೇಸ್ತ್ರಿ ಟ್ರಯಲ್ ಹೋಗಿ ಬಂದರು. ಗ್ಯಾರೇಜುಗಳಲ್ಲಿ ಟ್ರಯಲ್ ಹೋಗುವ ಒಂದು ಕ್ರಮವಿದೆ: ನಾಲ್ಕೂ ಗಾಜು ಪೂರ್ತಿ ಇಳಿಸಿ, ಎಸಿ ಆರಿಸಿ, ಒಬ್ಬರೇ ಹೋಗುವುದು. ಎಲ್ಲಿ ಕಟಕಟ ಎನ್ನುತ್ತದೆ ಎಂದು ಕೇಳಲು ಅದು ಸರಿಯಾದ ಕ್ರಮವೇ.

"ಏನಿಲ್ಲ ಸಾರ್, ಮಸ್ತಾಗಿದೆ ಗಾಡಿ. ಗಾಳಿ ಥರ ಹೋಗುತ್ತೆ" ಎಂದರು ಬಾಷಾ.

ಯಜಮಾನರು ನನ್ನ ಮೇಜಿಗೆ ಬಗ್ಗಿ, "ಲಲಿತಾ, ಅದೆಲ್ಲ ಬೇಡ, ಕಸ್ಟಮರ್ ಪರ್ಸೆಪ್ಷನ್ ಅಂತ ಬರಿ" ಎಂದು ಮೆಲ್ಲಗೆ ಹೇಳಿದರು. ಗಿರಾಕಿಗೆ ಹಾಗೆ ಅನ್ನಿಸುತ್ತದೆ, ಗಾಡಿಯಲ್ಲಿ ಏನೂ ಇಲ್ಲ ಎಂದು ಅದರ ಅರ್ಥ. ಭ್ರಮೆ ಎನ್ನುವುದನ್ನು ಮರ್ಯಾದೆಯಿಂದ ಹೇಳುವ ಮಾತು.

ನನ್ನ ಮೂಗಿಗೆ ಆ ಹೊತ್ತಿಗಾಗಲೇ ಪೆಟ್ರೋಲಿನ ಹಸಿ ಹೊಗೆ ಹತ್ತಿತ್ತು. ಕಾರಿನಿಂದಲ್ಲ, ಮೇಜಿನ ಪಕ್ಕ ನಿಂತು ನನ್ನ ರಬ್ಬರ್ ಸ್ಟಾಂಪಿನ ಜೊತೆ ಆಡುತ್ತಿದ್ದ ಮಗುವಿನ ಕೂದಲಿನಿಂದ. ಹೇಳಬಹುದಿತ್ತು. ಹಾಲಿನ ಕವರು ನೆನಪಾಯಿತು. ನಾನು ಮಗುವಿಗೆ ತಲೆನೋವು ಎಂಬುದರ ಮೇಲೆ ನೀಟಾಗಿ ಒಂದು ಗೆರೆ ಎಳೆದು, ಯಜಮಾನರು ಹೇಳಿದ್ದನ್ನು ಬರೆದೆ. ಅಷ್ಟೇ ಅಲ್ಲ, ಡ್ರಾಯರಿನಿಂದ ಕಾರಿನ ಕನ್ನಡಿಗೆ ತೂಗುಹಾಕುವ ನಿಂಬೆ ವಾಸನೆಯ ಒಂದು ಕಾರ್ಡು ತೆಗೆದು ಶ್ರುತಿಯ ಕೈಗೆ ಕೊಟ್ಟೆ.

"ಇದನ್ನು ಹಾಕಿ ನೋಡಿ, ವಾಸನೆ ಹೋಗುತ್ತೆ."

ಈ ಮಾತನ್ನು ನಾನು ನಗುನಗುತ್ತಾ ಹೇಳಿದೆ.

ಮೂರು ವಾರ ಕಳೆಯಿತು. ಮೊದಲು ಹೇಳಿದೆನಲ್ಲ, ಆ ಮಂಗಳವಾರ ಡಬ್ಬಿ ತೆಗೆದುಕೊಂಡು ಗ್ಯಾರೇಜು ತಲುಪಿ, ದೇವರ ಪಟಕ್ಕೆ ಊದುಬತ್ತಿ ಹಚ್ಚುವಷ್ಟರಲ್ಲಿ ಆ ಸದ್ದು ಮತ್ತೆ ಬಂತು. ಈ ಸಾರಿ ಮೊದಲು ಇಳಿದವರು ಶ್ರುತಿ. ಶಾಲೆಯ ಸಮವಸ್ತ್ರದಲ್ಲಿದ್ದ ಅನ್ವಿಯನ್ನು ಎತ್ತಿಕೊಂಡಿದ್ದರು. ಮಗುವಿನ ಮುಖ ಬಿಳಿಚಿತ್ತು, ಅಂಗಿಯ ಮುಂದೆ ಒದ್ದೆ ಮಾಡಿ ಒರೆಸಿದ ಗುರುತಿತ್ತು. ಕೈಯಲ್ಲಿ ಬಟ್ಟೆಯ ಒಂದು ಮೊಲ.

"ಮೇಡಂ, ಮೂರು ಡಾಕ್ಟರ್ ಆಯ್ತು" ಎಂದರು ಶ್ರುತಿ. "ಒಬ್ಬರು ಹೊಟ್ಟೆ ಅಂದ್ರು. ಒಬ್ಬರು ಕಣ್ಣು ತೋರಿಸಿ ಅಂದ್ರು. ಮೂರನೆಯವರು, ಸ್ಕೂಲಿಗೆ ಹೋಗದೆ ಇರೋಕೆ ನಾಟಕ ಆಡ್ತಾಳೆ ಅಂದ್ರು. ಹೋದ ವಾರ ಇವರು ಊರಲ್ಲಿರಲಿಲ್ಲ, ನಾನು ಆಟೋದಲ್ಲಿ ಕರ್ಕೊಂಡು ಹೋದೆ. ಐದು ದಿನ ಒಂದು ಸಲಾನೂ ವಾಂತಿ ಇಲ್ಲ. ನಿನ್ನೆ ಕಾರು, ನಿನ್ನೆ ವಾಂತಿ. ಇವತ್ತು ಕಾರು, ಇವತ್ತು ವಾಂತಿ. ನಾಟಕ ಆಡೋ ಮಗು ಆಟೋನಾ ಕಾರಾ ಅಂತ ನೋಡಿ ಆಡುತ್ತಾ ಮೇಡಂ?"

"ಶ್ರುತಿ, ಸೀನ್ ಮಾಡ್ಬೇಡ" ಎಂದರು ವಿನಯ್. "ಸಾರ್, ಇನ್ನೊಂದ್ಸಲ ಚೆಕ್ ಮಾಡ್ಬಿಡಿ, ಇವಳಿಗೆ ಸಮಾಧಾನ ಆಗ್ಲಿ. ನನಗೆ ಹನ್ನೊಂದಕ್ಕೆ ಮೀಟಿಂಗ್ ಇದೆ."

ನಾನು ಮಗುವಿನ ಮುಂದೆ ಮಂಡಿಯೂರಿ ಕೂತೆ. "ನಿನ್ನ ಮೊಲ ನನಗೆ ಕೊಡ್ತೀಯಾ ಪುಟ್ಟಿ? ಒಂದೇ ನಿಮಿಷ."

ಮೊಲವನ್ನು ಮೂಗಿಗೆ ಹಿಡಿದೆ. ಮೊದಲು ಬಂದದ್ದು ನಿಂಬೆ, ನಾನು ಕೊಟ್ಟ ನಿಂಬೆ. ಅದರ ಕೆಳಗೆ, ಹೊಲಿಗೆಯ ಒಳಗೆ, ಪೆಟ್ರೋಲಿನ ಹಸಿ ಹೊಗೆ.

"ಇದನ್ನು ಒಗೆದಿದ್ದೀರಾ?"

"ಭಾನುವಾರ ತಾನೇ ಒಗೆದೆ ಮೇಡಂ. ಹಿಂದಿನ ವಾಂತಿ ಕಲೆ ಇತ್ತಲ್ಲ."

ಒಗೆದು ಎರಡೇ ದಿನವಾಗಿತ್ತು, ಅಷ್ಟರಲ್ಲೇ ಇಷ್ಟು ಹೊಗೆ.

ಇದನ್ನು ಓದುವ ಹೆಣ್ಣುಮಕ್ಕಳು ಒಂದು ವಿಷಯ ಗೋಡೆಗೆ ಬರೆದು ಹಾಕಿಕೊಳ್ಳಿ. ಹೊಗೆಯಲ್ಲಿ ಮನುಷ್ಯರನ್ನು ಕೊಲ್ಲುವ ಅನಿಲಕ್ಕೆ ವಾಸನೆಯೇ ಇಲ್ಲ. ವಾಸನೆ ಇರುವುದು ಅದರ ಜೊತೆ ಬರುವ ಹಸಿ ಪೆಟ್ರೋಲಿಗೆ, ಮಸಿಗೆ. ಅಂದರೆ ಕೆಟ್ಟ ವಾಸನೆಯೇ ನಮಗಿರುವ ಒಂದೇ ಎಚ್ಚರಿಕೆ. ನಾನು ಆ ಮೂರು ವಾರ ಎಚ್ಚರಿಕೆಯ ಬಾಯಿಗೆ ನಿಂಬೆ ತುರುಕಿದ್ದೆ. ಕಂಪ್ಯೂಟರಿನ ಬಾಯಿ ಕಟ್ಟಿದವರಿಗೂ ನನಗೂ ಏನು ವ್ಯತ್ಯಾಸ?

ಬಾಷಾ ಮೇಸ್ತ್ರಿ ಆಗಲೇ ಕೀಲಿ ತೆಗೆದುಕೊಂಡು ನಾಲ್ಕೂ ಗಾಜು ಇಳಿಸುತ್ತಿದ್ದರು.

"ಗಾಜು ಏರಿಸಿ ಬಾಷಾ" ಎಂದೆ. "ಟ್ರಯಲ್‌ಗೆ ನಾನು ಬರ್ತೀನಿ."

"ಮೇಡಂ, ಮತ್ತೆ ಹಾಲಿನ ಕವರಾ?"

"ಇರಬಹುದು. ಇದ್ದರೆ ನಾನೇ ಬಂದು ನಿಮ್ಮ ಮೇಜಿನ ಮೇಲಿಡ್ತೀನಿ. ವಿನಯ್ ಅವರೇ, ನೀವು ಓಡಿಸಿ. ದಿನಾ ಮಗಳನ್ನ ಸ್ಕೂಲಿಗೆ ಬಿಡುವಾಗ ಹೇಗೆ ಓಡಿಸ್ತೀರೋ ಹಾಗೇ. ಶ್ರುತಿ, ಇವರು ಗಾಜು ಹೇಗಿಡ್ತಾರೆ?"

"ಎಲ್ಲ ಮುಚ್ಚಿರುತ್ತೆ ಮೇಡಂ. ಇವರ ಕಡೆದು ಮಾತ್ರ ನಾಲ್ಕು ಬೆರಳು ತೆಗೆದಿರ್ತಾರೆ. ಸೌಂಡ್ ಕೇಳ್ಬೇಕಲ್ಲ."

"ಲಲಿತಾ, ನಿನಗ್ಯಾಕೆ ಇದೆಲ್ಲ?" ಎಂದರು ಯಜಮಾನರು. ಗಿರಾಕಿಯ ಮುಂದೆ ಅವರು ನನ್ನ ಮೇಲೆ ರೇಗುವವರಲ್ಲ. ಆ ಪ್ರಶ್ನೆಯನ್ನು ನಿಜಕ್ಕೂ ಅರ್ಥವಾಗದೆ ಕೇಳಿದರು. ಅದು ರೇಗುವುದಕ್ಕಿಂತ ಕೆಟ್ಟದ್ದು.

"ರೀ, ಇಷ್ಟು ವರ್ಷದಲ್ಲಿ ನಮ್ಮ ಗ್ಯಾರೇಜಿನವರು ಯಾರಾದರೂ ಒಂದು ಸಲ ಹಿಂದಿನ ಸೀಟಿನಲ್ಲಿ ಕೂತು ಟ್ರಯಲ್ ಹೋಗಿದ್ದೀರಾ?"

ನಾವು ಸಾವಿರಾರು ಗಾಡಿಗಳನ್ನು ಓಡಿಸುವವರ ಜಾಗದಿಂದಷ್ಟೇ ನೋಡಿದ್ದೆವು. ಓಡಿಸುವವರು ದೂರು ಹೇಳಿದರೆ ತೊಂದರೆ. ಹಿಂದೆ ಕೂತವರು ಹೇಳಿದರೆ ಪರ್ಸೆಪ್ಷನ್.

ಮೊದಲು ಕನ್ನಡಿಯಿಂದ ನಿಂಬೆಯ ಕಾರ್ಡನ್ನು ಕಿತ್ತು ಹೊರಗೆಸೆದೆ. ಅನ್ವಿ ಕೂರುವುದು ಹಿಂದೆ, ಎಡಗಡೆ. ನಾನು ಅಲ್ಲೇ ಕೂತು, ಮಗುವಿನ ತಲೆಯ ಎತ್ತರಕ್ಕೆ ಬರುವ ಹಾಗೆ ಸೀಟಿನಲ್ಲಿ ಜಾರಿಕೊಂಡೆ. ಐವತ್ತರ ಹೆಂಗಸು ಸೀರೆ ಉಟ್ಟು ಹಾಗೆ ಕೂತದ್ದನ್ನು ಕನ್ನಡಿಯಲ್ಲಿ ನೋಡಿ ವಿನಯ್ ನಕ್ಕರು. ತುಮಕೂರು ರಸ್ತೆಯಲ್ಲಿ ಎಂಟನೇ ಮೈಲಿ ದಾಟುವವರೆಗೆ ಬರೀ ಸದ್ದು. ಸಿಗ್ನಲ್ಲಿನಲ್ಲಿ ನಿಂತಾಗ ವಾಸನೆಯ ಮೊದಲ ಎಳೆ ಬಂತು, ಹಿಂದಿನಿಂದ, ಸೊಂಟದ ಹತ್ತಿರದಿಂದ. ಗಾಡಿ ಮತ್ತೆ ಓಡಿದಾಗ ಕಡಿಮೆಯಾಗಬೇಕಿತ್ತು; ಜಾಸ್ತಿಯಾಯಿತು. ನೆಟ್ಟಗೆ ಕೂತು ನೋಡಿದೆ, ವಾಸನೆ ತೆಳ್ಳಗಾಯಿತು. ಮತ್ತೆ ಜಾರಿದೆ, ದಟ್ಟವಾಯಿತು. ಮುಂದಕ್ಕೆ ಬಾಗಿ ವಿನಯ್ ಅವರ ಭುಜದ ಬಳಿ ಮೂಗಿಟ್ಟೆ. ಅಲ್ಲಿ ತಂಪು ಗಾಳಿ, ಶೇವಿಂಗ್ ಕ್ರೀಮಿನ ಪರಿಮಳ. ಅವರು ಸುಳ್ಳು ಹೇಳಿರಲಿಲ್ಲ. ಅವರಿಗೆ ನಿಜಕ್ಕೂ ಏನೂ ಬರುತ್ತಿರಲಿಲ್ಲ. ಅವರು ತೆಗೆದಿಟ್ಟ ಆ ನಾಲ್ಕು ಬೆರಳಿನ ಸಂದಿಯೇ ಒಳಗಿನ ಗಾಳಿಯನ್ನು ಹೊರಗೆಳೆಯುತ್ತಿತ್ತು, ಆ ಜಾಗ ತುಂಬಲು ಹಿಂದಿನಿಂದ ಏನೋ ಒಳಗೆ ಬರುತ್ತಿತ್ತು. ನಡುವೆ ಕೂತದ್ದು ಮಗು.

ಹಿಂದಿರುಗುವಷ್ಟರಲ್ಲಿ ನನ್ನ ಎರಡೂ ಕಣತಲೆ ಬಡಿದುಕೊಳ್ಳುತ್ತಿದ್ದವು. ಇಪ್ಪತ್ತು ನಿಮಿಷವೂ ಆಗಿರಲಿಲ್ಲ. ಅನ್ವಿಗೆ ದಿನಾ ಹೋಗಿ ಬರಲು ಒಂದೂವರೆ ಗಂಟೆ.

ಎಲ್ಲಿಂದ ಬರುತ್ತಿದೆ ಎಂದು ತೋರಿಸಬೇಕಿತ್ತು. ದೇವರ ಪಟದ ಊದುಬತ್ತಿ ಇನ್ನೂ ಉರಿಯುತ್ತಿತ್ತು. ಎಂಜಿನ್ ಆರಿಸಿ ಗಾಡಿ ತುಸು ತಣ್ಣಗಾದ ಮೇಲೆ, ಗಾಜೆಲ್ಲ ಮುಚ್ಚಿಸಿ, ಒಳಗಿನ ಫ್ಯಾನು ಜೋರಾಗಿ ಹಾಕಿಸಿದೆ. ಒಳಗೆ ಗಾಳಿ ತುಂಬಿದರೆ ಎಲ್ಲಿ ಸಂದಿಯಿದೆಯೋ ಅಲ್ಲಿಂದ ಹೊರಗೆ ತಳ್ಳುತ್ತದೆ. ಮಳೆಗಾಲದಲ್ಲಿ ಅಡುಗೆಮನೆಯ ಕಿಟಕಿಯ ಸಂದಿಯನ್ನು ನಾನು ಹೀಗೇ ಹುಡುಕುವುದು. ಊದುಬತ್ತಿಯನ್ನು ಡಿಕ್ಕಿಯ ರಬ್ಬರಿನ ಉದ್ದಕ್ಕೂ ಹಿಡಿದೆ. ಹೊಗೆ ನೇರವಾಗಿ ಮೇಲೇರಿತು. ಗಾಡಿಯ ಹಿಂದಿನ ದೀಪದ ಸುತ್ತ ಹಿಡಿದೆ. ನೇರ. ನೆಲಕ್ಕೆ ಕೂತು, ಬಂಪರಿನ ಕೆಳಗೆ ಎಡಗಡೆ ಕೈ ಚಾಚಿದೆ. ಹೊಗೆ ಯಾರೋ ಊದಿದ ಹಾಗೆ ಪಕ್ಕಕ್ಕೆ ಹಾರಿತು.

"ಅರೆ!" ಎಂದರು ಬಾಷಾ. ನನ್ನ ಕೈಯಿಂದ ಊದುಬತ್ತಿ ತೆಗೆದುಕೊಂಡು ತಾವೇ ಹಿಡಿದು ನೋಡಿದರು. ಮತ್ತೆ ಹಾರಿತು. ಕೂಡಲೇ ಡಿಕ್ಕಿ ತೆಗೆದು ಕಾರ್ಪೆಟ್ ಎತ್ತಿದರು.

ತಳದ ತಗಡಿನಲ್ಲಿ ಬಾಟಲಿಯ ಮುಚ್ಚಳದಷ್ಟು ಅಗಲದ ಒಂದು ತೂತು. ಹೊಸ ಸೈಲೆನ್ಸರಿನ ಸದ್ದನ್ನು ಹೆಚ್ಚು ಕಡಿಮೆ ಮಾಡುವ ಒಂದು ಕವಾಟವಿದೆ, ಅದನ್ನು ರಿಮೋಟಿನಿಂದ ತೆರೆಯಬಹುದು. ಅದರ ತೆಳ್ಳನೆಯ ವೈರು ಈ ತೂತಿನಿಂದ ಒಳಗೆ ಬಂದಿತ್ತು. ತೂತಿನ ಸುತ್ತ ರಬ್ಬರು ಹಾಕಿ ಮುಚ್ಚಬೇಕಿತ್ತು; ಹಾಕಿರಲಿಲ್ಲ. ಕಾರ್ಪೆಟ್ ಮುಚ್ಚಿದರೆ ಯಾರಿಗೆ ಕಾಣುತ್ತದೆ? ಅದರ ಸರಿಯಾಗಿ ಕೆಳಗೆ ಹೊಗೆಕೊಳವೆಯ ಬಾಯಿ, ಚೆಂದ ಕಾಣಲೆಂದು ಬಂಪರಿನಿಂದ ಎರಡು ಬೆರಳು ಒಳಕ್ಕೇ ನಿಂತಿತ್ತು. ತೂತಿನ ಅಂಚಿನಲ್ಲಿ ಬಾಣಲೆಯ ತಳದಂಥ ಮಸಿ. ನಾನು ಬೆರಳಿನಿಂದ ಒರೆಸಿ ವಿನಯ್ ಅವರ ಮುಂದೆ ಹಿಡಿದೆ.

"ನಿಮ್ಮ ಮಗಳು ಇದನ್ನು ಉಸಿರಾಡ್ತಿದ್ದಾಳೆ."

ಅವರು ಬೆರಳನ್ನು ನೋಡಿದರು, ಆಮೇಲೆ ಕೈಗಡಿಯಾರವನ್ನು.

"ಓಕೆ ಮೇಡಂ, ಗುಡ್ ಕ್ಯಾಚ್. ಒಂದು ರಬ್ಬರ್ ಹಾಕಿ ಸೀಲ್ ಮಾಡ್ಬಿಡಿ, ಆಯ್ತಲ್ಲ."

ಯಜಮಾನರು ಬಾಷಾಗೆ ಸೀಲೆಂಟ್ ತರಲು ಸನ್ನೆ ಮಾಡಿದರು. ತೂತು ಮುಚ್ಚಿ ಕಳಿಸಿದರೆ ಕೆಲಸ ಮುಗಿಯಿತು, ಗಿರಾಕಿಗೂ ಖುಷಿ. ನನ್ನೊಳಗೆ ಇಪ್ಪತ್ತು ಚಿಲ್ಲರೆ ವರ್ಷ ನೀಟಾದ ಅಕ್ಷರದಲ್ಲಿ ಕೂತಿದ್ದ ಸಿಟ್ಟು ಆಗ ಎದ್ದು ನಿಂತಿತು.

"ಆಗಲಿಲ್ಲ" ಎಂದೆ. ದನಿ ಎತ್ತಿದ್ದೆ. ಬೇಕರಿಯವರು ತಿರುಗಿ ನೋಡಿದರು. "ತೂತು ಮುಚ್ಚಿದರೆ ಇವತ್ತಿಗಾಯ್ತು. ಹೊಗೆ ಶುದ್ಧ ಮಾಡೋ ಡಬ್ಬಿ ಎಲ್ಲಿದೆ? ಕೊಳವೆ ಬಂಪರಿನ ಹೊರಗೆ ಯಾಕಿಲ್ಲ? ನಾಳೆ ಇನ್ನೊಂದು ರಬ್ಬರು ಬಿರುಕು ಬಿಟ್ಟರೆ ಮತ್ತೆ ಯಾರು ಮೂಸಬೇಕು, ಮಗುನಾ?"

"ಮೇಡಂ, ಅದು ಹಾಕಿದ್ರೆ ಪವರ್ ಹೋಗುತ್ತೆ. ಸೌಂಡೂ ಹೋಗುತ್ತೆ. ನಿಮಗೆ ಕಾರ್ ಬಗ್ಗೆ ಏನ್ ಗೊತ್ತು? ನೀವು ಇಲ್ಲಿ ಬಿಲ್ ಬರೆಯೋರು ಅಲ್ವಾ?"

"ಹೌದು. ಬರೆಯೋಳು ನಾನೇ." ಹಳೆಯ ಕಾರ್ಡು ಹುಡುಕಿ ತೆಗೆದೆ. ಕಸ್ಟಮರ್ ಪರ್ಸೆಪ್ಷನ್ ಎಂಬುದನ್ನು ಹೊಡೆದು ಹಾಕಿದೆ, ಈ ಸಾರಿ ನೀಟಾಗಿ ಅಲ್ಲ, ಕಾಗದ ಹರಿಯುವಷ್ಟು ಒತ್ತಿ. ಕೆಳಗೆ ಬರೆದೆ: ಹಿಂದಿನ ಸೀಟಿನಲ್ಲಿ ಮಗುವಿಗೆ ವಿಷದ ಹೊಗೆ. ಡಬ್ಬಿ ವಾಪಸು ಹಾಕುವವರೆಗೆ ಮಗುವನ್ನು ಕೂರಿಸಬಾರದು. "ಇದನ್ನು ಓದಿ ಸೈನ್ ಹಾಕಿ, ಕೀ ತಗೊಂಡು ಹೋಗಿ."

"ಡ್ರಾಮಾ" ಎಂದರು ವಿನಯ್. ಸೈನ್ ಹಾಕಲಿಲ್ಲ.

ಶ್ರುತಿ ಬಂದು ನನ್ನ ಕೈಯಿಂದ ಪೆನ್ನು ತೆಗೆದುಕೊಂಡರು. ಸೈನ್ ಹಾಕಿದರು. ಮಗಳನ್ನು ಎತ್ತಿಕೊಂಡು ಗಂಡನಿಗೆ, "ನೀನು ನಿನ್ನ ಸೌಂಡ್ ಕೇಳ್ಕೊಂಡು ಬಾ. ನಾವು ಮೆಟ್ರೋದಲ್ಲಿ ಹೋಗ್ತೀವಿ" ಎಂದರು. ನಾನು ಹಿಂದೆ ಓಡಿ ಹೋಗಿ, ಡಾಕ್ಟರಿಗೆ ಹೊಟ್ಟೆ, ತಲೆ ಎಂದೆಲ್ಲ ಹೇಳದೆ, ಕಾರಿನ ಹೊಗೆ ಉಸಿರಾಡಿದ್ದಾಳೆ ಎಂದೇ ಹೇಳಿ, ಈಗಲೇ ಹೋಗಿ ರಕ್ತ ಪರೀಕ್ಷೆ ಮಾಡಿಸಿ ಎಂದೆ. ಅನ್ವಿ ಅಮ್ಮನ ಹೆಗಲ ಮೇಲಿಂದ ಕೈ ಚಾಚಿದಳು. ಮೊಲ ನನ್ನ ಬಳಿಯೇ ಇತ್ತು. ಕೊಟ್ಟೆ.

ವಿನಯ್ ನಿಂತೇ ಇದ್ದರು. ಆಗ ಯಜಮಾನರು ಒಂದು ಕೆಲಸ ಮಾಡಿದರು, ಅದನ್ನು ಹೇಳದಿದ್ದರೆ ಅವರಿಗೆ ಅನ್ಯಾಯವಾಗುತ್ತದೆ. ಬಾಷಾಗೆ ಕೀಲಿ ಕೊಟ್ಟು, ಮುಂದಿನ ಗಾಜನ್ನು ನಾಲ್ಕು ಬೆರಳು ಇಳಿಸಿ, ತಾವು ಹಿಂದೆ ಎಡಗಡೆ ಕೂತು, "ಬನ್ನಿ ಸಾರ್, ನೀವೂ ಪಕ್ಕದಲ್ಲಿ ಕೂತ್ಕೊಳ್ಳಿ" ಎಂದರು. ಹೋದರು. ಹಿಂದಿರುಗಿದರು. ವಿನಯ್ ಇಳಿದು ನೀರು ಕೇಳಿದರು. ಮೀಟಿಂಗಿಗೆ ಬರುವುದಿಲ್ಲ ಎಂದು ಯಾರಿಗೋ ಫೋನು ಮಾಡಿದರು. ಮಾಡಿಫೈ ಮಾಡಿದ ಅಂಗಡಿಗೆ ಹಚ್ಚಿದ ಇನ್ನೊಂದು ಫೋನಿನಲ್ಲಿ, "ಅಟ್ಟದ ಮೇಲೆ ಹಳೇ ಪೈಪು, ಅದರ ಡಬ್ಬಿ ಎರಡೂ ಇದೆಯಾ ನೋಡಿ, ಎಸೆದಿಲ್ಲ ತಾನೇ" ಎಂದು ಕೇಳುವುದು ನನಗೆ ಕೇಳಿಸಿತು. ಗಾಡಿ ನಮ್ಮಲ್ಲೇ ಉಳಿಯಿತು, ವಾರದ ಕೊನೆಗೆ ಸದ್ದಿಲ್ಲದೆ ಹೋಯಿತು. ಅನ್ವಿ ಈಗ ಹೈಸ್ಕೂಲು.

ಯಜಮಾನರು ನನಗೆ ತಪ್ಪಾಯಿತು ಎಂದು ಹೇಳಲಿಲ್ಲ. ನಾನು ಎಸೆದಿದ್ದ ನಿಂಬೆಯ ಕಾರ್ಡನ್ನು ಹೆಕ್ಕಿ ತಂದು, ನನ್ನ ಡ್ರಾಯರು ತೆಗೆದು, ಉಳಿದಿದ್ದ ಅಂಥ ಎಲ್ಲ ಕಾರ್ಡುಗಳ ಜೊತೆ ಕಸದ ಡಬ್ಬಕ್ಕೆ ಹಾಕಿದರು. ಅಂದಿನಿಂದ ನಮ್ಮ ಗ್ಯಾರೇಜಿನಲ್ಲಿ ವಾಸನೆಯ ದೂರು ಬಂದರೆ ಇಬ್ಬರು ಟ್ರಯಲ್ ಹೋಗುವ ಕ್ರಮ ಬಂತು, ಒಬ್ಬರು ಹಿಂದೆ. ಆ ಕ್ರಮ ಯಾರು ತಂದದ್ದು ಎಂದು ಕೇಳಿದರೆ ಬಾಷಾ ಮೇಸ್ತ್ರಿ, "ನಮ್ಮಲ್ಲಿ ಮೊದಲಿಂದ ಹಂಗೇ" ಎನ್ನುತ್ತಿದ್ದರು.

ಈಗಿನ ಟ್ಯಾಬಿನಲ್ಲಿ ಗಿರಾಕಿಯ ಮಾತು ಬರೆಯುವ ಜಾಗವೇ ಇಲ್ಲವಂತೆ. ಒಂದು ಪಟ್ಟಿಯಿಂದ ಆರಿಸಬೇಕಂತೆ. ಪಟ್ಟಿಯಲ್ಲಿ ಕಸ್ಟಮರ್ ಪರ್ಸೆಪ್ಷನ್ ಇದೆ, ನನ್ನನ್ನು ನೋಡಲು ಬಂದ ಹುಡುಗಿ ತೋರಿಸಿದಳು. ಮಗು ವಾಂತಿ ಮಾಡುತ್ತದೆ ಎಂಬುದು ಇಲ್ಲ. ಪರ್ಸೆಪ್ಷನ್ ಎಂಬುದನ್ನು ಆರಿಸುವ ಮೊದಲು ಎದ್ದು ಹೋಗಿ ಹಿಂದಿನ ಸೀಟಿನಲ್ಲಿ ಕೂತು ಬನ್ನಿ. ನಗುವವರು ನಗಲಿ. ನಾನು ಮೂರು ವಾರ ಸುಮ್ಮನಿದ್ದೆ, ಅದು ಇನ್ನೂ ನನ್ನ ಎದೆಯ ಮೇಲಿದೆ.

ಆ ಸಂಜೆ ಆರಕ್ಕೆ ಖಾಲಿ ಡಬ್ಬಿ ಹಿಡಿದು ಮೆಟ್ಟಿಲು ಹತ್ತಿದೆ. ತಲೆ ಇನ್ನೂ ಭಾರವಾಗಿತ್ತು. ಸೀರೆಯ ಅಂಚಿಗೆ ಮಸಿ, ಮೊಣಕೈಗೆ ಗ್ರೀಸು, ಮೈಯೆಲ್ಲ ಹಸಿ ಪೆಟ್ರೋಲಿನ ಹೊಗೆ. ಎರಡನೇ ಮಹಡಿಯಲ್ಲಿ ಗಿರಿಜಕ್ಕ ಒಣಗಿದ ಬಟ್ಟೆ ಮಡಚುತ್ತಿದ್ದರು. ನಾನು ಹಾದು ಹೋಗುವಾಗ ಮೂಗಿಗೆ ಸೆರಗು ಹಿಡಿದರು.

"ಅಯ್ಯ, ಏನ್ರಿ ಇದು ವಾಸನಿ! ಎಲ್ಲಿ ಬಿದ್ದಿದ್ರಿ?"

"ಕೆಲಸ ಇತ್ತು ಗಿರಿಜಕ್ಕ, ಗ್ಯಾರೇಜಲ್ಲಿ."

"ನೀವು ಗ್ಯಾರೇಜಿನಾಗ ಕೆಲಸಾ ಮಾಡ್ತೀರೇನ್ರಿ?" ಎನ್ನುತ್ತ ಅವರು ದಿಂಬಿನ ಚೀಲವೊಂದನ್ನು ಕೊಡವಿ ಮಡಚಿದರು. "ನಾ ಇಷ್ಟ್ ದಿನಾ ಡಬ್ಬಿ ಕೊಟ್ಟು ಬರಾಕ ಹೋಗ್ತೀರಿ ಅಂತ ತಿಳ್ಕೊಂಡಿದ್ದೆ."